ನಿಮಗಿದು ಗೊತ್ತೇ? ಉದಗೀರದ ಟಿಕೆಟ್ ಕಿಟಕಿಯ ಒಳಲೆಕ್ಕ

ಮರಾಠವಾಡದ ದಕ್ಷಿಣ ಅಂಚಿನಲ್ಲಿರುವ ಉಮರಗಾ, ನಿಲಂಗಾ, ಉದಗೀರ ಈ ಮೂರೂ ತಾಲ್ಲೂಕುಗಳಲ್ಲಿ ಮರಾಠಿಯ ಜೊತೆಗೆ ಕನ್ನಡ ಮಾತಾಡುವ ಮನೆಗಳಿವೆ. ರೈಲು ನಿಲ್ದಾಣ ಇರುವುದು ಉದಗೀರ ಪಟ್ಟಣಕ್ಕೆ ಮಾತ್ರ. ನಿಲಂಗಾದವರು ಗಾಡಿ ಹಿಡಿಯಲು ಲಾತೂರಿಗೋ ಉದಗೀರಕ್ಕೋ ಬೀದರಿಗೋ ಹೋಗಬೇಕು. ಉಮರಗಾದವರಿಗೆ ಸೊಲ್ಲಾಪುರ, ಇಲ್ಲವೇ ಕಲಬುರಗಿ. ಈ ಭಾಗದ ಜನರ ಓಡಾಟದಲ್ಲಿ ಹೆಚ್ಚಿನದು ಸಮೀಪದ್ದೇ: ಆಸ್ಪತ್ರೆ, ಕಾಲೇಜು, ಸಂತೆ, ಬೀಗರ ಮನೆ. ರೈಲು ದರದ ನಿಯಮಗಳಲ್ಲಿ ಸಮೀಪದ ಪಯಣಕ್ಕೇ ಕಿಲೋಮೀಟರಿಗೆ ಹೆಚ್ಚು ದುಡ್ಡು ಬೀಳುತ್ತದೆ. ಹಾಗಾಗಿ ಈ ಲೆಕ್ಕ ಗಡಿನಾಡಿನವರಿಗೆ ಗೊತ್ತಿರಲೇಬೇಕು.

ಕಿಲೋಮೀಟರಿನ ಲೆಕ್ಕ

1. ಎಕ್ಸ್‌ಪ್ರೆಸ್ ಗಾಡಿಯ ಜನರಲ್ ಡಬ್ಬಿಯಲ್ಲಿ ನೀವು ಒಂದೇ ನಿಲ್ದಾಣ ದಾಟಿ ಇಳಿದರೂ 50 ಕಿ.ಮೀ. ದರ ಕೊಡಬೇಕು. ಆ ಕನಿಷ್ಠ ದರ 30 ರೂ. ಅದೇ ಹಳಿಯ ಮೇಲೆ ಓಡುವ ಪ್ಯಾಸೆಂಜರ್ ಗಾಡಿಯಲ್ಲಿ ಕನಿಷ್ಠ ದೂರ 10 ಕಿ.ಮೀ., ಕನಿಷ್ಠ ದರ 10 ರೂ. ಉದಗೀರದಿಂದ ಗಡಿಯಾಚೆಯ ಕಮಲನಗರಕ್ಕೆ ಹೋಗುವವರು ಟಿಕೆಟ್ ಕೇಳುವಾಗ ಗಾಡಿ ಯಾವುದೆಂದು ಹೇಳಿಯೇ ಕೊಳ್ಳಬೇಕು. ಒಂದು ಸಲದ ಈ ವ್ಯತ್ಯಾಸ ಚಿಕ್ಕದು, ದಿನಾ ಓಡಾಡುವವರಿಗೆ ಚಿಕ್ಕದಲ್ಲ.

2. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳೆಲ್ಲ ‘ವಿಶೇಷ’ ಎಂಬ ಹೆಸರು ಹೊತ್ತು ಎಕ್ಸ್‌ಪ್ರೆಸ್ ದರಕ್ಕೆ ಓಡಿದವು. 10 ರೂಪಾಯಿಯ ಟಿಕೆಟ್ 30 ರೂಪಾಯಿ ಆಯಿತು. ಹಳೆಯ ಸಾಧಾರಣ ದರ ಮರಳಿದ್ದು 2024ರ ಫೆಬ್ರುವರಿ ಕೊನೆಗೆ.

3. ಸ್ಲೀಪರ್ ದರ್ಜೆಯಲ್ಲಿ ಕನಿಷ್ಠ 200 ಕಿ.ಮೀ. ಲೆಕ್ಕ ಹಿಡಿಯುತ್ತಾರೆ. ಎಸಿ ಚೇರ್ ಕಾರಿಗೆ 150, ತ್ರೀ ಟಿಯರ್ ಎಸಿಗೆ 300. ಭಾಲ್ಕಿಯಿಂದ ಲಾತೂರಿಗೆ ರಾತ್ರಿ ಗಾಡಿಯಲ್ಲಿ ಅಜ್ಜಿಯನ್ನು ಮಲಗಿಸಿಕೊಂಡು ಹೋದರೆ, ಓಡದ ಕಿಲೋಮೀಟರುಗಳಿಗೂ ದುಡ್ಡು ಕೊಟ್ಟಂತೆ.

4. ತತ್ಕಾಲ್‌ನಲ್ಲಿ ಇದು ಇನ್ನೂ ಹಿಗ್ಗುತ್ತದೆ. ಸ್ಲೀಪರ್ ತತ್ಕಾಲ್‌ಗೆ ಲೆಕ್ಕದ ಕನಿಷ್ಠ ದೂರ 500 ಕಿ.ಮೀ. ಉದಗೀರದಿಂದ ಸಿಕಂದರಾಬಾದಿಗೆ ಅದರ ಅರ್ಧದಷ್ಟೂ ದೂರವಿಲ್ಲ. ಆದರೂ ಮೂಲ ದರ 500 ಕಿ.ಮೀ.ಗೆ ಬೀಳುತ್ತದೆ, ಅದರ ಮೇಲೆ 100ರಿಂದ 200 ರೂ.ವರೆಗಿನ ತತ್ಕಾಲ್ ಶುಲ್ಕ ಸೇರುತ್ತದೆ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಏನೂ ವಾಪಸ್ ಬರುವುದಿಲ್ಲ. ಹೈದರಾಬಾದಿನ ಆಸ್ಪತ್ರೆಗೆ ಅವಸರದಲ್ಲಿ ಹೊರಡುವ ಮನೆಯವರ ಮೇಲೆಯೇ ಈ ಭಾರ ಬೀಳುತ್ತದೆ.

5. ಭಾರತದ ರೈಲು ದರಕ್ಕೆ ಇಳಿಜಾರು ಇದೆ. ದೂರ ಹೆಚ್ಚಿದಷ್ಟೂ ಪ್ರತಿ ಕಿಲೋಮೀಟರಿನ ದರ ತಗ್ಗುತ್ತ ಹೋಗುತ್ತದೆ. ಹಾಗಾಗಿ ಉದಗೀರದಿಂದ ಬೀದರಿಗೊಂದು, ಬೀದರಿನಿಂದ ಬೆಂಗಳೂರಿಗೆ ಇನ್ನೊಂದು ಎಂದು ಟಿಕೆಟ್ ತುಂಡು ಮಾಡಿದರೆ ಸಾಮಾನ್ಯವಾಗಿ ನಷ್ಟವೇ. ಉದಗೀರದಿಂದಲೇ ಬೆಂಗಳೂರಿಗೆ ಒಂದೇ ಟಿಕೆಟ್ ಕೊಂಡರೆ ಇಳಿಜಾರಿನ ಲಾಭ ಪೂರಾ ಸಿಗುತ್ತದೆ, ರಿಸರ್ವೇಶನ್ ಶುಲ್ಕವೂ ಒಂದೇ ಸಲ ತೆರಬೇಕಾಗುತ್ತದೆ.

6. ಅಕ್ಕಪಕ್ಕದ ಎರಡು ನಿಲ್ದಾಣಗಳಿಗೆ ಒಂದೇ ದರ, ಮೂರನೆಯದಕ್ಕೆ ಒಮ್ಮೆಲೇ ಐದು ರೂಪಾಯಿ ಜಾಸ್ತಿ ಇರುವುದನ್ನು ನೋಡಿದ್ದೀರಾ? ದರಪಟ್ಟಿ ಕಿಲೋಮೀಟರಿಗೊಂದು ಸಾಲಿನಂತೆ ಇಲ್ಲ, ಹಂತಗಳಲ್ಲಿ ಇದೆ. ಬಂದ ಮೊತ್ತವನ್ನು ಮೇಲಿನ ಐದರ ಗುಣಕಕ್ಕೆ ಏರಿಸುತ್ತಾರೆ. 61 ರೂ. ಬಂದರೆ 65 ಕೊಡಬೇಕು. 60ಕ್ಕೆ ಇಳಿಸುವ ಮಾತಿಲ್ಲ.

7. 2025ರ ಡಿಸೆಂಬರ್ 26ರಿಂದ ಬಂದ ಪರಿಷ್ಕರಣೆಯಲ್ಲಿ 215 ಎಂಬ ಅಂಕಿ ಗಡಿಗೆರೆಯಾಯಿತು. ಸಾಧಾರಣ ಗಾಡಿಯ ಎರಡನೇ ದರ್ಜೆಗೆ 215 ಕಿ.ಮೀ.ವರೆಗೆ ಏರಿಕೆ ಇಲ್ಲ. 216ರಿಂದ 750 ಕಿ.ಮೀ.ವರೆಗೆ 5 ರೂ. ಏರಿಕೆ. ಮೇಲ್ ಮತ್ತು ಎಕ್ಸ್‌ಪ್ರೆಸ್‌ನಲ್ಲಿ ಎಸಿ ಇರಲಿ, ಇಲ್ಲದಿರಲಿ, ಕಿ.ಮೀ.ಗೆ 2 ಪೈಸೆ. ಅದೇ ವರ್ಷದ ಜುಲೈ 1ರ ಪರಿಷ್ಕರಣೆಯಲ್ಲಿ ಈ ಗೆರೆ 500 ಕಿ.ಮೀ.ಯಲ್ಲಿತ್ತು. ಆರು ತಿಂಗಳ ಒಳಗೆ ಅದು ಇಷ್ಟು ಹತ್ತಿರ ಸರಿಯಿತು.

8. ಹಳಿಯ ಮೇಲಿನ ಕಿಲೋಮೀಟರು ಬೇರೆ, ಟಿಕೆಟ್ ಲೆಕ್ಕದ ಕಿಲೋಮೀಟರು ಬೇರೆ ಇರಬಹುದು. ಕೊಂಕಣ ರೈಲ್ವೆಯ ಹಾದಿಯಲ್ಲಿ ದೂರವನ್ನು ಶೇ 40ರಷ್ಟು ಹಿಗ್ಗಿಸಿ ದರ ಹಾಕುತ್ತಾರೆ. ಸೇತುವೆ, ಸುರಂಗಗಳ ಆ ಮಾರ್ಗ ಕಟ್ಟಲು ತಗುಲಿದ ಭಾರಿ ಖರ್ಚು ಅದಕ್ಕೆ ಕಾರಣ. ಕಾರವಾರ, ಉಡುಪಿಯ ಕನ್ನಡಿಗರು ಆ ಹಾದಿಯ 100 ಕಿ.ಮೀ.ಗೆ 140ರ ದರ ತೆರುತ್ತಾರೆ. ಉದಗೀರದ ಬಯಲು ಹಾದಿಗೆ ಆ ಹೊರೆ ಇಲ್ಲ.

9. ಹೊಸ ಹಳಿ ಬಂದರೆ ಟಿಕೆಟ್ ಅಗ್ಗವಾಗುತ್ತದೆ. ಬೀದರ–ಕಲಬುರಗಿ ನಡುವಿನ 110 ಕಿ.ಮೀ. ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರ್ 29ರಂದು. ಅದಕ್ಕೂ ಮೊದಲು ರೈಲಿನಲ್ಲಿ ಹೋಗುವುದಾದರೆ ವಿಕಾರಾಬಾದ್, ವಾಡಿ ಸುತ್ತಿ ಬರಬೇಕಿತ್ತು. ಆ ದೂರ ಇಂದಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು, ದರವೂ ಅದಕ್ಕೆ ತಕ್ಕಂತೆ. ಎರಡು ಹಾದಿಗಳಿರುವ ಊರುಗಳ ನಡುವೆ ಗಾಡಿ ಯಾವ ಮಾರ್ಗವಾಗಿ ಹೋಗುತ್ತದೆ ಎಂಬುದರ ಮೇಲೆ ದರ ನಿಲ್ಲುತ್ತದೆ. ಕೌಂಟರಿನಲ್ಲಿ ‘ಯಾವ ಮಾರ್ಗ?’ ಎಂದು ಕೇಳಿದರೆ ಹಗುರವಾಗಿ ಉತ್ತರ ಕೊಡಬೇಡಿ.

10. ಲಾತೂರಿನ ಹಾದಿಯೂ ಹೀಗೆಯೇ ಬದಲಾಯಿತು. ಎವರಾರ್ಡ್ ಕ್ಯಾಲ್‌ಥ್ರಾಪ್ ಎಂಬ ಇಂಜಿನಿಯರ್ 1897ರಲ್ಲಿ ಕುರ್ಡುವಾಡಿಯಿಂದ ಬಾರ್ಶಿಗೆ ಓಡಿಸಿದ ಎರಡೂವರೆ ಅಡಿ ಅಗಲದ ಹಳಿಯ ಕಿರುಗಾಡಿ 1911ರಲ್ಲಿ ಲಾತೂರು ಮುಟ್ಟಿತು. ಅದನ್ನು ಓಡಿಸುತ್ತಿದ್ದ ಕಂಪನಿಯು ಸರ್ಕಾರದ ಕೈಗೆ ಬಂದದ್ದು 1954ರಲ್ಲಿ. ಅಲ್ಲಿ ಬ್ರಾಡ್ ಗೇಜ್ ಆದದ್ದು 2007–08ರಲ್ಲಿ. ಅಲ್ಲಿಯವರೆಗೆ ಕುರ್ಡುವಾಡಿಯಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಉದಗೀರದಿಂದ ಮುಂಬೈಗೆ ಗಾಡಿ ಬದಲಿಸದೆ ಈ ಹತ್ತಿರದ ಹಾದಿಯಲ್ಲಿ ಹೋಗುವ ಸೌಕರ್ಯಕ್ಕೆ ಇನ್ನೂ ಎರಡು ದಶಕ ತುಂಬಿಲ್ಲ.

ಗಾಡಿಯ ನಂಬರೇ ದರ ಹೇಳುತ್ತದೆ

11. ಗಾಡಿಯ ನಂಬರ್ 12, 20 ಅಥವಾ 22ರಿಂದ ಆರಂಭವಾದರೆ ಅದು ಸೂಪರ್‌ಫಾಸ್ಟ್. ಜನರಲ್‌ಗೆ 15 ರೂ., ಸ್ಲೀಪರ್‌ಗೆ 30, ತ್ರೀ ಟಿಯರ್ ಎಸಿಗೆ 45 ಹೆಚ್ಚುವರಿ. ಉದಗೀರದ ಮೇಲೆ ಹಾಯುವ ಮುಂಬೈ–ಬೀದರ ಗಾಡಿಯ ನಂಬರ್ 22143. ಬೆಂಗಳೂರು–ನಾಂದೇಡ್ ಗಾಡಿಯದು 16593. ಮೊದಲನೆಯದಕ್ಕೆ ಈ ಶುಲ್ಕ ಉಂಟು, ಎರಡನೆಯದಕ್ಕೆ ಇಲ್ಲ. ಸಾಮಾನ್ಯ ಎಕ್ಸ್‌ಪ್ರೆಸ್ ಟಿಕೆಟ್ ಹಿಡಿದು ಸೂಪರ್‌ಫಾಸ್ಟ್ ಹತ್ತಿದರೆ ಟಿ.ಸಿ. ವ್ಯತ್ಯಾಸ ವಸೂಲು ಮಾಡುತ್ತಾರೆ.

12. ಸೂಪರ್‌ಫಾಸ್ಟ್ ಎನಿಸಿಕೊಳ್ಳಲು ಬ್ರಾಡ್ ಗೇಜಿನಲ್ಲಿ ಸರಾಸರಿ ವೇಗ ಗಂಟೆಗೆ 55 ಕಿ.ಮೀ. ಇದ್ದರೆ ಸಾಕು. ಅಷ್ಟನ್ನೂ ಮುಟ್ಟದ ದಿನಗಳ ಲೆಕ್ಕವನ್ನು ಮಹಾಲೇಖಪಾಲರು 2017ರ ವರದಿಯಲ್ಲಿ ಬಿಚ್ಚಿಟ್ಟರು. 2013ರಿಂದ 2016ರ ನಡುವೆ ಉತ್ತರ ಮಧ್ಯ ಮತ್ತು ದಕ್ಷಿಣ ಮಧ್ಯ ರೈಲ್ವೆಗಳು ಇಂಥ ಗಾಡಿಗಳ ಪ್ರಯಾಣಿಕರಿಂದ 11.17 ಕೋಟಿ ರೂ. ಸೂಪರ್‌ಫಾಸ್ಟ್ ಶುಲ್ಕ ಪಡೆದಿದ್ದವು. ಉದಗೀರ ಇರುವುದು ದಕ್ಷಿಣ ಮಧ್ಯ ರೈಲ್ವೆಯಲ್ಲಿಯೇ. ಗಾಡಿ ತಡವಾದರೂ ಈ ಶುಲ್ಕ ವಾಪಸ್ ಬರುವುದಿಲ್ಲ. ವೇಗದ ಹೆಸರಿನಲ್ಲಿ ಪಡೆದ ದುಡ್ಡು ವೇಗ ಸಿಗದಾಗ ಮರಳಬೇಕು ಎಂಬುದು ನ್ಯಾಯವಾದ ಬೇಡಿಕೆ.

13. ನಂಬರ್ 0ಯಿಂದ ಆರಂಭವಾದರೆ ಅದು ವಿಶೇಷ ಗಾಡಿ. ಹಬ್ಬ, ಜಾತ್ರೆ, ಬೇಸಿಗೆ ರಜೆಯಲ್ಲಿ ಓಡುವ ಇಂಥ ಹಲವು ಗಾಡಿಗಳಿಗೆ ವಿಶೇಷ ದರ ಇರುತ್ತದೆ. ಅದೇ ದಿನ ಅದೇ ಹಾದಿಯಲ್ಲಿ ನಿತ್ಯದ ಗಾಡಿಯಲ್ಲಿ ಸೀಟಿದ್ದರೆ ಮೊದಲು ಅದನ್ನು ನೋಡಿ.

14. ಆರ್‌ಎಸಿ ಟಿಕೆಟ್ಟಿನಲ್ಲಿ ಒಂದೇ ಸೈಡ್ ಬರ್ತನ್ನು ಇಬ್ಬರು ಹಂಚಿಕೊಂಡು ಕೂರುತ್ತಾರೆ, ಇಬ್ಬರೂ ಪೂರ್ತಿ ದರ ಕೊಟ್ಟಿರುತ್ತಾರೆ. ಕೆಳ ಬರ್ತಿಗೂ ಮೇಲಿನದಕ್ಕೂ, ಕಿಟಕಿ ಬದಿಗೂ ನಡುವಿಗೂ ಒಂದೇ ಬೆಲೆ.

ಹೋಗಿ ಬರುವ ಟಿಕೆಟ್

15. ಭಾರತದಲ್ಲಿ ಹೋಗಿ ಬರುವ ಎರಡೂ ಟಿಕೆಟ್ ಒಟ್ಟಿಗೆ ಕೊಂಡರೆ ಸಾಮಾನ್ಯವಾಗಿ ಒಂದು ಪೈಸೆಯೂ ಉಳಿಯುವುದಿಲ್ಲ. ಮುಂಬೈ ಲೋಕಲ್‌ನಲ್ಲೂ ರಿಟರ್ನ್ ಎಂದರೆ ಎರಡು ಸಿಂಗಲ್‌ಗಳ ಬೆಲೆಯೇ. ಸಾಲಿನಲ್ಲಿ ಎರಡನೇ ಸಲ ನಿಲ್ಲುವುದು ತಪ್ಪುತ್ತದೆ, ಅಷ್ಟೇ.

16. ಇದಕ್ಕೆ ಅಪವಾದ 2025ರ ಹಬ್ಬದ ‘ರೌಂಡ್ ಟ್ರಿಪ್’ ಯೋಜನೆ. ಅಕ್ಟೋಬರ್ 13ರಿಂದ 26ರೊಳಗೆ ಹೋಗಿ, ನವೆಂಬರ್ 17ರಿಂದ ಡಿಸೆಂಬರ್ 1ರೊಳಗೆ ಮರಳಿದರೆ ವಾಪಸ್ ಟಿಕೆಟ್ಟಿನ ಮೂಲ ದರದಲ್ಲಿ ಶೇ 20 ಕಡಿತ ಇತ್ತು. ಎರಡೂ ಕನ್ಫರ್ಮ್ ಆಗಿರಬೇಕಿತ್ತು. ಅದೇ ಜನ, ಅದೇ ದರ್ಜೆ, ಅದೇ ಎರಡು ಊರು. ರದ್ದು ಮಾಡಿದರೆ ಹಣ ವಾಪಸ್ ಇರಲಿಲ್ಲ. ಕಡಿತ ಒಂದು ಬದಿಗೆ ಮಾತ್ರ ಇದ್ದುದರಿಂದ ಒಟ್ಟು ಪಯಣದ ಮೂಲ ದರದಲ್ಲಿ ಉಳಿಯುತ್ತಿದ್ದುದು ಶೇ 10. ಆ ವರ್ಷ ದೀಪಾವಳಿ ಬಂದದ್ದು ಅಕ್ಟೋಬರ್ 20ರ ಸುಮಾರಿಗೆ. ಮುಂಬೈ, ಪುಣೆಯಲ್ಲಿ ದುಡಿಯುವ ಉಮರಗಾದ ಕೂಲಿಕಾರ ಹಬ್ಬಕ್ಕೆ ಬಂದು ನವೆಂಬರ್ 17ರವರೆಗೆ ಊರಲ್ಲಿ ಕೂರಲು ಆಗುವುದಿಲ್ಲ. ಇಂಥ ಯೋಜನೆಯ ದಿನಾಂಕಗಳನ್ನು ದುಡಿಯುವವರ ರಜೆ ನೋಡಿ ಗೊತ್ತುಮಾಡಬೇಕು.

17. 199 ಕಿ.ಮೀ.ವರೆಗಿನ ಜನರಲ್ ಟಿಕೆಟ್ ಕೊಂಡ ಮೇಲೆ ಮೂರು ಗಂಟೆಯೊಳಗೆ, ಇಲ್ಲವೇ ಆ ಊರಿಗೆ ಹೋಗುವ ಮೊದಲ ಗಾಡಿ ಹೊರಡುವಷ್ಟರಲ್ಲಿ, ಯಾವುದು ತಡವೋ ಅದರೊಳಗೆ ಪಯಣ ಶುರುವಾಗಬೇಕು. 2016ರ ಮಾರ್ಚ್‌ನಿಂದ ಈ ನಿಯಮ. ಹಾಗಾಗಿ ಬೆಳಗ್ಗೆ ಉದಗೀರದಿಂದ ಬೀದರಿಗೆ ಹೋಗಿ ಸಂಜೆ ಮರಳುವವರು ವಾಪಸ್ ಟಿಕೆಟನ್ನು ಬೀದರಿನಲ್ಲಿಯೇ ಕೊಳ್ಳಬೇಕು. 200 ಕಿ.ಮೀ. ದಾಟಿದ ಊರಿಗಾದರೆ ಜನರಲ್ ಟಿಕೆಟನ್ನು ಮೂರು ದಿನ ಮೊದಲೇ ಕೊಳ್ಳಬಹುದು. ಉದಗೀರದಿಂದ ಸಿಕಂದರಾಬಾದ್ ಈ ಸಾಲಿಗೆ ಸೇರುತ್ತದೆ.

18. ದಿನಾ ಹೋಗಿ ಬರುವವರಿಗೆ ನಿಜವಾದ ರಿಟರ್ನ್ ಟಿಕೆಟ್ ಎಂದರೆ ಪಾಸು. 150 ಕಿ.ಮೀ.ವರೆಗೆ ತಿಂಗಳ ಪಾಸು ಸಿಗುತ್ತದೆ. ಮೂರು ತಿಂಗಳದ್ದಕ್ಕೆ ತಿಂಗಳ ಪಾಸಿನ 2.7 ಪಟ್ಟು, ಆರು ತಿಂಗಳದ್ದಕ್ಕೆ 5.4 ಪಟ್ಟು, ವರ್ಷದ್ದಕ್ಕೆ 10.8 ಪಟ್ಟು. ಅಂದರೆ ವರ್ಷದ ಪಾಸಿನಲ್ಲಿ ಒಂದು ತಿಂಗಳಿಗೂ ಮೀರಿದ ಓಡಾಟ ಪುಕ್ಕಟೆ. 2025ರ ಎರಡೂ ದರ ಏರಿಕೆಗಳಲ್ಲಿ ಪಾಸಿನ ದರವನ್ನು ಮುಟ್ಟಲಿಲ್ಲ. ಉದಗೀರ–ಭಾಲ್ಕಿ, ಉದಗೀರ–ಬೀದರ, ಉದಗೀರ–ಲಾತೂರ ಎಲ್ಲವೂ ಈ 150ರ ಒಳಗೇ ಬರುತ್ತವೆ. ಪಾಸು ಹಿಡಿದು ರಿಸರ್ವೇಶನ್ ಡಬ್ಬಿ ಹತ್ತುವಂತಿಲ್ಲ ಎಂಬುದು ನೆನಪಿರಲಿ.

19. ಸುತ್ತುಪಯಣದ ಟಿಕೆಟ್ ಎಂಬುದೊಂದಿದೆ, ಕೇಳುವವರು ಕಡಿಮೆ. ಹೊರಟ ಊರಿಗೇ ಬೇರೆ ಹಾದಿಯಿಂದ ಮರಳಬೇಕು, ನಡುವೆ ಎಂಟು ಕಡೆಯವರೆಗೆ ಇಳಿಯಬಹುದು. ಒಟ್ಟು ದೂರವನ್ನು ಎರಡು ಸಮಭಾಗ ಮಾಡಿ, ಎರಡು ಸಿಂಗಲ್ ಟಿಕೆಟ್ಟಿನಂತೆ ದರ ಹಾಕುತ್ತಾರೆ. ಇಳಿಜಾರಿನ ಲಾಭ ಇಲ್ಲಿ ದೊಡ್ಡದು. ಉದಗೀರದಿಂದ ಹೊರಟು ಲಾತೂರ, ಕುರ್ಡುವಾಡಿ, ಪಂಢರಪುರ, ಮಿರಜ, ಹುಬ್ಬಳ್ಳಿ, ಹೊಸಪೇಟೆ, ಗುಂತಕಲ್, ರಾಯಚೂರು, ವಿಕಾರಾಬಾದ್, ಬೀದರ ಮೂಲಕ ಉದಗೀರಕ್ಕೆ ಮರಳುವ ಸುತ್ತು ಹಳಿಗಳ ಮೇಲೆ ಕೂಡಿಬರುತ್ತದೆ. ವಿಠೋಬನ ದರ್ಶನವೂ ಹಂಪಿಯೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ಬಿಡಿಬಿಡಿಯಾಗಿ ಟಿಕೆಟ್ ಕೊಂಡರೆ ಇದಕ್ಕಿಂತ ಬಹಳ ಹೆಚ್ಚು ಬೀಳುತ್ತದೆ.

20. 500 ಕಿ.ಮೀ. ಮೀರಿದ ಒಂದೇ ಟಿಕೆಟ್ಟಿನಲ್ಲಿ, 500 ಕಿ.ಮೀ. ಓಡಿದ ಮೇಲೆ, ನಡುವೆ ಒಮ್ಮೆ ಇಳಿದು ಎರಡು ದಿನ ತಂಗಬಹುದು. ಬಂದಿಳಿದ ದಿನ, ಹೊರಡುವ ದಿನ ಲೆಕ್ಕಕ್ಕಿಲ್ಲ. 1,000 ಕಿ.ಮೀ. ಮೀರಿದರೆ ಎರಡು ಸಲ. ರಾಜಧಾನಿ, ಶತಾಬ್ದಿಯಂಥ ಗಾಡಿಗಳಿಗೆ ಇದು ಇಲ್ಲ. ಬೆಂಗಳೂರಿಗೆ ಹೋಗುವ ಉದಗೀರದವರು ನಡುವೆ ನೆಂಟರಲ್ಲಿ ತಂಗುವುದಿದ್ದರೆ ಟಿಕೆಟ್ ಮಾಡಿಸುವಾಗಲೇ ಕೇಳಬೇಕು.

21. ಅದೇ ಗಾಡಿ, ಅದೇ ದೂರ, ಹೋಗುವ ದರ ಒಂದು, ಬರುವ ದರ ಇನ್ನೊಂದು ಎಂದರೆ ನಂಬುತ್ತೀರಾ? 2022ರ ನವೆಂಬರ್‌ನಲ್ಲಿ ಚೆನ್ನೈ–ಮೈಸೂರು ವಂದೇ ಭಾರತ್ ಶುರುವಾದಾಗ ಚೇರ್ ಕಾರಿನಲ್ಲಿ ಮೈಸೂರಿಗೆ ಬರಲು 1,200 ರೂ., ಮೈಸೂರಿನಿಂದ ಚೆನ್ನೈಗೆ 1,365 ರೂ. ಗಾಡಿ ಬೆಳಗ್ಗೆ ಓಡುತ್ತದೋ ಊಟದ ಹೊತ್ತಿಗೆ ಓಡುತ್ತದೋ ಎಂಬುದರ ಮೇಲೆ ತಿಂಡಿ, ಊಟದ ಶುಲ್ಕ ಬದಲಾಗುತ್ತದೆ, ದರದ ಅಂತರ ಅಲ್ಲಿಂದಲೇ ಹುಟ್ಟುತ್ತದೆ. ಉಮರಗಾದವರಿಗೆ ಎಟುಕುವ ವಂದೇ ಭಾರತ್‌ಗಳಲ್ಲಿ ಒಂದು 2023ರ ಫೆಬ್ರುವರಿ 10ರಂದು ಆರಂಭವಾದ ಮುಂಬೈ–ಸೊಲ್ಲಾಪುರದ್ದು. ಆಗ ಚೇರ್ ಕಾರಿಗೆ ಊಟ ಬೇಡವೆಂದರೆ 1,000, ಬೇಕೆಂದರೆ 1,300 ರೂ. ಇತ್ತು. ಟಿಕೆಟ್ ಮಾಡಿಸುವಾಗ ‘ಊಟ ಬೇಡ’ ಎಂದು ಆಯ್ದುಕೊಳ್ಳುವ ಅವಕಾಶ ಇದೆ. ಬುತ್ತಿ ಕಟ್ಟಿಕೊಂಡು ಹೋಗುವ ಮನೆಯವರಿಗೆ ಇದು ಗೊತ್ತಿರಬೇಕು.

22. ರಾಜಧಾನಿ, ಶತಾಬ್ದಿ, ದುರಂತೋ ಗಾಡಿಗಳಲ್ಲಿ 2016ರ ಸೆಪ್ಟೆಂಬರ್ 9ರಿಂದ ಏರುದರ ಪದ್ಧತಿ ಬಂತು. ಪ್ರತಿ ಶೇ 10 ಸೀಟು ಮಾರಾಟವಾದಂತೆ ಮೂಲ ದರ ಶೇ 10 ಏರುತ್ತ, ಗೊತ್ತಾದ ಮಿತಿಯಲ್ಲಿ ನಿಲ್ಲುತ್ತದೆ. ಹೋಗುವ ಟಿಕೆಟ್ ಬೇಗ ಕೊಂಡು ಬರುವುದನ್ನು ತಡಮಾಡಿದರೆ ಎರಡರ ಬೆಲೆ ಬೇರೆಯಾಗುವುದು ಇದರಿಂದ. ಉದಗೀರದ ನಿತ್ಯದ ಎಕ್ಸ್‌ಪ್ರೆಸ್ ಗಾಡಿಗಳಿಗೆ ಈ ಏರಿಳಿತ ಇಲ್ಲ.

23. ವಾಪಸ್ ಟಿಕೆಟ್ ಮೊದಲೇ ಮಾಡಿಸಿ ಆಮೇಲೆ ರದ್ದು ಮಾಡುವವರು ಲೆಕ್ಕ ಹಾಕಬೇಕು. 2015ರ ನವೆಂಬರ್‌ನಲ್ಲಿ ಬಂದ ನಿಯಮದಂತೆ ಕನ್ಫರ್ಮ್ ಆದ ಸ್ಲೀಪರ್ ಟಿಕೆಟನ್ನು ಎಷ್ಟೇ ಮೊದಲು ರದ್ದು ಮಾಡಿದರೂ ತಲೆಗೆ ಕನಿಷ್ಠ 120 ರೂ. ಕಡಿತ. ಕಡಿಮೆ ದೂರದ ಸ್ಲೀಪರ್ ಟಿಕೆಟ್ಟಿನ ಬೆಲೆಯೇ ಸುಮಾರು 150. ಸಾವಿರ ರೂಪಾಯಿಯ ಟಿಕೆಟ್ಟಿಗೂ ಇದೇ 120. ಹತ್ತಿರದ ಪಯಣಿಗನಿಗೆ ಇಲ್ಲಿಯೂ ಪೆಟ್ಟು.

ರಿಯಾಯಿತಿಯ ಹಕ್ಕು

24. ಮನೆಯಿಂದ ಶಾಲೆ, ಕಾಲೇಜಿಗೆ ಹೋಗಿ ಬರಲು ಹೆಣ್ಣುಮಕ್ಕಳಿಗೆ ಪದವಿ ಮುಗಿಯುವವರೆಗೆ, ಗಂಡುಮಕ್ಕಳಿಗೆ 12ನೇ ತರಗತಿಯವರೆಗೆ ಎರಡನೇ ದರ್ಜೆಯ ತಿಂಗಳ ಪಾಸು ಪೂರ್ತಿ ಉಚಿತ. ಕಮಲನಗರದ ಹುಡುಗಿ ಉದಗೀರದ ಕಾಲೇಜಿಗೆ ಬರುವುದಾದರೆ ರೈಲಿಗೆ ದುಡ್ಡು ಕೊಡಬೇಕಾಗಿಲ್ಲ. ಕಾಲೇಜಿನ ಪ್ರಮಾಣಪತ್ರ ಬೇಕು. ಓದು ಬಿಡಿಸುವ ಕಾರಣಗಳಲ್ಲಿ ಬಸ್ಸಿನ ಖರ್ಚೂ ಒಂದಾಗಿರುವ ಹಳ್ಳಿಗಳಲ್ಲಿ ಈ ಮಾತನ್ನು ಮನೆಮನೆಗೆ ಮುಟ್ಟಿಸಬೇಕು.

25. ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ, ಊರು ಲಾತೂರು–ಕುರ್ಡುವಾಡಿ ಹಾದಿಯಲ್ಲಿಯೇ ಇದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಿಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗಾರರಿಗೆ ಶೇ 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ತಂದರೆ ಕೌಂಟರಿನಲ್ಲಿ ಈ ಟಿಕೆಟ್ ಕೊಡುತ್ತಾರೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರಿಗೂ ಇದೇ ಹಕ್ಕು. ಇದು ದಯೆಯಲ್ಲ, ನಿಯಮ. ಧೈರ್ಯವಾಗಿ ಕೇಳಿ.

26. ಹಿರಿಯರ ರಿಯಾಯಿತಿ ನಿಂತದ್ದು 2020ರ ಮಾರ್ಚ್ 20ರಂದು. ಅದಕ್ಕೂ ಮೊದಲು 60 ದಾಟಿದ ಗಂಡಸರಿಗೆ ಶೇ 40, 58 ದಾಟಿದ ಹೆಂಗಸರಿಗೆ ಶೇ 50 ಕಡಿತವಿತ್ತು. ಅದೇ ಹಿರಿಯರಿಗೆ ಮಹಾರಾಷ್ಟ್ರದ ಕೆಂಪು ಬಸ್ಸಿನಲ್ಲಿ 65 ದಾಟಿದರೆ ಅರ್ಧ ದರ, 75 ದಾಟಿದರೆ ಉಚಿತ. ಉದಗೀರದ ಎಷ್ಟೋ ಅಜ್ಜ ಅಜ್ಜಿಯರಿಗೆ ಈಗ ರೈಲಿಗಿಂತ ಬಸ್ಸೇ ಸಲೀಸು.

27. 5ರಿಂದ 12 ವರ್ಷದ ಮಕ್ಕಳಿಗೆ ಬರ್ತ್ ಬೇಕೆಂದರೆ 2016ರ ಏಪ್ರಿಲ್ 21ರಿಂದ ಪೂರ್ತಿ ದರ. ಬರ್ತ್ ಬೇಡವೆಂದರೆ ಅರ್ಧ. ಐದರೊಳಗಿನ ಮಕ್ಕಳಿಗೆ ಬರ್ತ್ ಕೇಳದಿದ್ದರೆ ಟಿಕೆಟ್ ಬೇಡ.

28. ಆನ್‌ಲೈನ್ ಟಿಕೆಟ್ಟಿನ ಸೇವಾ ಶುಲ್ಕ ತಲೆಗೊಂದರಂತೆ ಅಲ್ಲ, ಟಿಕೆಟ್ಟಿಗೊಂದರಂತೆ. ಯುಪಿಐಯಲ್ಲಿ ಕೊಟ್ಟರೆ ಎಸಿ ಇಲ್ಲದ ದರ್ಜೆಗೆ 10 ರೂ., ಎಸಿಗೆ 20, ಅದರ ಮೇಲೆ ಜಿಎಸ್‌ಟಿ. ಆರು ಜನರವರೆಗೆ ಒಂದೇ ಟಿಕೆಟ್ಟಿನಲ್ಲಿ ಸೇರಿಸಿದರೆ ಆ ಶುಲ್ಕ ಒಮ್ಮೆ ಮಾತ್ರ. ಕೌಂಟರಿನಲ್ಲಿ ಈ ಶುಲ್ಕವೇ ಇಲ್ಲ. ದರದ ಮೇಲಿನ ಶೇ 5 ಜಿಎಸ್‌ಟಿ ಎಸಿ ಮತ್ತು ಫಸ್ಟ್ ಕ್ಲಾಸಿಗೆ ಮಾತ್ರ. ಸ್ಲೀಪರಿಗೂ ಜನರಲ್ಲಿಗೂ ಇಲ್ಲ. ಆನ್‌ಲೈನ್‌ನಲ್ಲಿ ಸಿಗುವ 45 ಪೈಸೆಯ ವಿಮೆಗೆ 10 ಲಕ್ಷ ರೂ.ವರೆಗೆ ಪರಿಹಾರ ಉಂಟು. ಹೋಗುವ, ಬರುವ ಎರಡೂ ಟಿಕೆಟ್ಟಿಗೆ ಬೇರೆಬೇರೆಯಾಗಿ ಅದನ್ನು ಆಯ್ದುಕೊಳ್ಳಬೇಕು, ನಾಮಿನಿ ಹೆಸರು ತುಂಬಲು ಮರೆಯಬಾರದು.

ಗಡಿ, ಬಸ್ಸು ಮತ್ತು ಹಳಿ

29. ಮಹಾರಾಷ್ಟ್ರದ ಕೆಂಪು ಬಸ್ಸಿನ ದರ 6 ಕಿ.ಮೀ.ಯ ‘ಟಪ್ಪಾ’ ಲೆಕ್ಕದಲ್ಲಿ ಇದೆ. ಟಪ್ಪಾ ಸ್ವಲ್ಪ ದಾಟಿದರೂ ಮುಂದಿನದರ ಪೂರ್ತಿ ದುಡ್ಡು. 2025ರ ಜನವರಿಯಲ್ಲಿ ಗಡಿಯ ಎರಡೂ ಬದಿ ಬಸ್ ದರ ಏರಿತು: ಕರ್ನಾಟಕದಲ್ಲಿ ಶೇ 15, ಮಹಾರಾಷ್ಟ್ರದಲ್ಲಿ ಶೇ 14.95.

30. ಉಮರಗಾದಿಂದ ಪೂರ್ವಕ್ಕೆ ಹೊರಟರೆ ಹೆದ್ದಾರಿ 65ರಲ್ಲಿ ಸ್ವಲ್ಪ ಹೊತ್ತಿಗೇ ಕರ್ನಾಟಕ, ಬಸವಕಲ್ಯಾಣದ ಕ್ರಾಸು, ಹುಮನಾಬಾದ, ಮುಂದೆ ತೆಲಂಗಾಣದ ಜಹೀರಾಬಾದ್. ಒಂದೇ ರಸ್ತೆಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಮೂರು ನಿಯಮ. ಮಹಾರಾಷ್ಟ್ರದೊಳಗೆ 2023ರ ಮಾರ್ಚ್ 17ರಿಂದ ಅರ್ಧ ದರ. ಕರ್ನಾಟಕದೊಳಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಉಚಿತ ಪಯಣ, ಅದು ಕರ್ನಾಟಕದ ವಿಳಾಸ ಇದ್ದವರಿಗೆ. ತೆಲಂಗಾಣದೊಳಗೆ 2023ರ ಡಿಸೆಂಬರ್ 9ರಿಂದ ಮಹಾಲಕ್ಷ್ಮಿ ಯೋಜನೆಯ ಉಚಿತ ಪಯಣ. ಉಮರಗಾದ ಕನ್ನಡತಿ ತವರಾದ ಬಸವಕಲ್ಯಾಣಕ್ಕೆ ಬಂದು ಅಲ್ಲಿಂದ ಬೀದರಿಗೆ ಹೋಗುವಾಗ, ಪಕ್ಕದ ಸೀಟಿನ ಅಕ್ಕನಿಗೆ ಶೂನ್ಯ ಟಿಕೆಟ್, ಇವರಿಗೆ ಪೂರ್ತಿ ದರ. ರೈಲಿನಲ್ಲಿ ಇಂಥ ರಿಯಾಯಿತಿ ಯಾವ ರಾಜ್ಯದ ಹೆಂಗಸರಿಗೂ ಇಲ್ಲ, ದರಕ್ಕೆ ರಾಜ್ಯದ ಗಡಿಯೂ ಇಲ್ಲ.

31. ಒಂದು ಕಾಲದಲ್ಲಿ ಇಲ್ಲಿ ರೈಲೂ ಬಸ್ಸೂ ಒಂದೇ ಇಲಾಖೆಯ ಕೈಯಲ್ಲಿದ್ದವು. ನಿಜಾಮರ ಸರ್ಕಾರ 1930ರಲ್ಲಿ ರೈಲ್ವೆಯನ್ನು ಕಂಪನಿಯಿಂದ ಕೊಂಡಿತು. 1932ರ ಜೂನ್‌ನಲ್ಲಿ ಅದೇ ರೈಲ್ವೆ 27 ಬಸ್ಸು, 166 ನೌಕರರೊಂದಿಗೆ ರಸ್ತೆ ಸಾರಿಗೆ ಶುರುಮಾಡಿತು. ಆಗ ಹೈದರಾಬಾದ್ ಸಂಸ್ಥಾನಕ್ಕೆ ‘ಹಾಲಿ ಸಿಕ್ಕಾ’ ಎಂಬ ಸ್ವಂತ ರೂಪಾಯಿ ಇತ್ತು. ಅದರ ಏಳು ರೂಪಾಯಿ ಬ್ರಿಟಿಷ್ ಭಾರತದ ಸುಮಾರು ಆರಕ್ಕೆ ಸಮ.

32. ನಿಲಂಗಾ, ಉದಗೀರ ತಾಲ್ಲೂಕುಗಳು 1956ರವರೆಗೆ ಬೀದರ ಜಿಲ್ಲೆಯವು. ರಾಜ್ಯ ಮರುವಿಂಗಡಣೆಯಲ್ಲಿ ಅವು ಉಸ್ಮಾನಾಬಾದ್ ಜಿಲ್ಲೆಗೆ ಹೋದವು. 1982ರ ಆಗಸ್ಟ್ 16ರಂದು ಲಾತೂರು ಜಿಲ್ಲೆಯಾದಾಗ ಅದರೊಳಗೆ ಸೇರಿದವು. ರೈಲ್ವೆ ಮಾತ್ರ ಹಳೆಯ ನಂಟು ಬಿಡಲಿಲ್ಲ. ಉದಗೀರ ಇಂದಿಗೂ ಸಿಕಂದರಾಬಾದ್ ವಿಭಾಗದಲ್ಲಿದೆ, ಪಕ್ಕದ ಲಾತೂರು ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದಲ್ಲಿದೆ. ಟಿಕೆಟ್ ದರಕ್ಕೆ ಇದರಿಂದ ವ್ಯತ್ಯಾಸವಿಲ್ಲ. ಹೊಸ ಗಾಡಿ ಬೇಕೆಂಬ ಮನವಿಯ ವಿಳಾಸ ಬೇರೆ ಆಗುತ್ತದೆ.

33. 2017ರಲ್ಲಿ ಮುಂಬೈ–ಲಾತೂರು ಗಾಡಿಯನ್ನು ಬೀದರಿನವರೆಗೆ ವಿಸ್ತರಿಸಿದಾಗ ಲಾತೂರಿನಲ್ಲಿ ಪ್ರತಿಭಟನೆ ನಡೆಯಿತು. ಅಲ್ಲಿನವರ ಅಳುಕು ದರದ ಬಗ್ಗೆ ಅಲ್ಲ, ಸೀಟಿನ ಬಗ್ಗೆ. ನಡುವಿನ ನಿಲ್ದಾಣವಾದರೆ ಸೀಟು ಹಂಚಿಹೋಗುತ್ತದೆ. ಉದಗೀರ, ಭಾಲ್ಕಿಯವರಿಗೆ ಅದೇ ವಿಸ್ತರಣೆ ಬಹುಕಾಲದ ಬೇಡಿಕೆಯ ಈಡೇರಿಕೆ.

ಬೇರೆ ದೇಶಗಳಲ್ಲಿ

34. ಬ್ರಿಟನ್ನಿನಲ್ಲಿ ಎಷ್ಟೋ ಹಾದಿಗಳಲ್ಲಿ ಹೋಗಿ ಬರುವ ಟಿಕೆಟ್ ಹೋಗುವುದಕ್ಕಿಂತ ಬರಿಯ ಒಂದು ಪೌಂಡ್ ಹೆಚ್ಚು. ಒಂದೇ ಪಯಣವನ್ನು ತುಂಡು ಮಾಡಿ ಎರಡು ಟಿಕೆಟ್ ಕೊಂಡರೆ ಅಲ್ಲಿ ಅಗ್ಗವಾಗುವುದೂ ಉಂಟು. ಇದು ನಮ್ಮ ಇಳಿಜಾರು ದರಕ್ಕೆ ತಿರುವುಮುರುವು.

35. ಜಪಾನಿನ ಜೆಆರ್ ಕಂಪನಿಗಳು ಒಂದು ಬದಿಯ ದೂರ 600 ಕಿ.ಮೀ. ದಾಟಿದರೆ ಹೋಗಿ ಬರುವ ಎರಡೂ ಬದಿಗೆ ಶೇ 10 ಕಡಿತ ಕೊಡುತ್ತಿದ್ದವು. 2026ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿದವು. ಲಕ್ಸೆಂಬರ್ಗ್ ದೇಶ 2020ರಿಂದ ಫಸ್ಟ್ ಕ್ಲಾಸ್ ಬಿಟ್ಟು ಎಲ್ಲ ರೈಲು, ಬಸ್ಸು, ಟ್ರಾಮ್‌ಗಳನ್ನು ಉಚಿತ ಮಾಡಿದೆ.

36. ನಮ್ಮ ರೈಲ್ವೆ 2022–23ರಲ್ಲಿ ಪ್ರಯಾಣಿಕರಿಗೆ 56,993 ಕೋಟಿ ರೂ. ಸಬ್ಸಿಡಿ ಕೊಟ್ಟಿತೆಂದು ಸರ್ಕಾರ ಹೇಳಿದೆ. 100 ರೂಪಾಯಿಯ ಪಯಣಕ್ಕೆ ಪ್ರಯಾಣಿಕ ಕೊಡುವುದು 54 ರೂ. ಎಂಬುದು ಅದರ ಲೆಕ್ಕ. ಉಳಿದದ್ದನ್ನು ಹೆಚ್ಚಾಗಿ ಸರಕು ಗಾಡಿಗಳ ಗಳಿಕೆ ತುಂಬುತ್ತದೆ. ಈ ನೆರವು ಇಲ್ಲದಿದ್ದರೆ ಬಡವರಿಗೆ ರೈಲೇ ಎಟುಕುತ್ತಿರಲಿಲ್ಲ ಎಂಬುದು ನಿಜ. ಈ ನೆರವಿನ ಹಂಚಿಕೆಯಲ್ಲಿ ಕಡಿಮೆ ದೂರದ ಪಯಣಿಗನಿಗೂ ನ್ಯಾಯವಾದ ಪಾಲು ಸಿಗಬೇಕು ಎಂಬುದೂ ಅಷ್ಟೇ ನಿಜ.

ಕೌಂಟರಿನಲ್ಲಿ ಕೇಳಬೇಕಾದ ನಾಲ್ಕು ಮಾತು

ಗಾಡಿ ಪ್ಯಾಸೆಂಜರೋ, ಎಕ್ಸ್‌ಪ್ರೆಸ್ಸೋ, ಸೂಪರ್‌ಫಾಸ್ಟೋ? ಮಾರ್ಗ ಯಾವುದು? ಈ ಓಡಾಟಕ್ಕೆ ಪಾಸು ಅಗ್ಗವೇ? ನಮಗೆ ಸಲ್ಲುವ ರಿಯಾಯಿತಿ ಉಂಟೇ? ಈ ನಾಲ್ಕನ್ನು ಕೇಳುವ ಅಭ್ಯಾಸ ಆದರೆ ತಿಂಗಳ ಖರ್ಚಿನಲ್ಲಿ ಎದ್ದುಕಾಣುವ ಉಳಿತಾಯ ಆಗುತ್ತದೆ.

ರೈಲ್ವೆಯಿಂದ ಆಗಬೇಕಾದದ್ದೂ ಇದೆ. ತತ್ಕಾಲ್‌ನ 500 ಕಿ.ಮೀ. ಕನಿಷ್ಠ ಲೆಕ್ಕ ಇಳಿಯಬೇಕು, ಆಸ್ಪತ್ರೆಗೆ ಹೋಗುವ ಹತ್ತಿರದ ಪಯಣಿಗರ ಮೇಲೆ ಆ ಹೊರೆ ಸಲ್ಲದು. ಕಡಿಮೆ ಬೆಲೆಯ ಟಿಕೆಟ್ಟಿಗೆ ರದ್ದತಿ ಶುಲ್ಕವೂ ಕಡಿಮೆ ಇರಬೇಕು. ವಿದ್ಯಾರ್ಥಿನಿಯರ ಉಚಿತ ಪಾಸು, ಕ್ಯಾನ್ಸರ್ ರೋಗಿಗಳ ರಿಯಾಯಿತಿ ಇವೆರಡನ್ನಾದರೂ ಉದಗೀರ, ಕಮಲನಗರ, ಭಾಲ್ಕಿ, ಲಾತೂರು ರೋಡ್ ನಿಲ್ದಾಣಗಳ ಟಿಕೆಟ್ ಕಿಟಕಿಯ ಪಕ್ಕ ಮರಾಠಿ, ಕನ್ನಡ, ಉರ್ದುವಿನಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕು. ಹೊಸ ಹಳಿ ಹಾಕಲು ವರ್ಷಗಳು ಬೇಕು, ಇರುವ ಹಕ್ಕನ್ನು ಬರೆದು ತೂಗುಹಾಕಲು ಒಂದು ದಿನ ಸಾಕು.